ಟ್ಯೂಬ್ ಯಾವುದು ಕೇಳಬ್ಯಾಡ್ರಿ, ತಾಯಿ ಯಾವುದು ಕೇಳ್ರಿ

ಈ ವಾರ ಕುಳೆ ಕಬ್ಬಿನ ರವದಿ ಬಗ್ಗೆ ಬರೀತೀನಿ ಅಂದಿದ್ದೆ, ಫೋಟೊನೂ ತೆಗೆದಿಟ್ಟೀನಿ. ಅದು ಮುಂದಿನ ವಾರಕ್ಕ. ಸೋಮವಾರ ರಾತ್ರಿ ನಮ್ಮ ಊರ ವಾಟ್ಸಾಪ್ ಗುಂಪಿನಾಗ ಒಂದು ಮರಿ ಫೋಟೊ ಬಂತು. ಅದನ್ನ ನೋಡಿದ ಮೇಲೆ ಕಬ್ಬಿನ ಬಗ್ಗೆ ಬರೆಯೋಕೆ ಮನಸ್ಸು ಬರಲಿಲ್ಲ.

ಮುಧೋಳ ನಾಯಿ ಮರಿ, ಐದು ತಿಂಗಳದ್ದು ಇರಬೇಕು. ಎರಡೂ ಕಣ್ಣಿನ ಸುತ್ತ ಕೂದಲು ಉದುರಿ ಚಾಳೀಸು ಹಾಕಿದಂಗ ಕಾಣ್ತಿತ್ತು. ತುಟಿಯ ಮೂಲ್ಯಾಗ ಒಂದು ಬೋಳು ಕಲೆ, ಮುಂಗಾಲಿನ ಮೇಲೆ ಕೆಂಪಗೆ ಬಾತಿದ್ದು, ಕುತ್ತಿಗೆ ಕೆಳಗೆ ಹೊಪ್ಪಳಿಕೆ. ಕೆಳಗೆ ಬರೆದಿದ್ರು: "ಇದಕ್ಕ ಯಾವ ಮುಲಾಮು ಹಚ್ಚಬೇಕ್ರಿ?"

ಅರ್ಧ ತಾಸಿನಾಗ ಹತ್ತೊಂಬತ್ತು ಉತ್ತರ ಬಂದವು, ಕೂತು ಎಣಿಸೀನಿ. ಟ್ರ್ಯಾಕ್ಟರಿನ ಕರಿ ಆಯಿಲ್ ಹಚ್ಚು ಅಂದವರು ಐದು ಮಂದಿ. ದನಕ್ಕ ಹೊಡಿಯೋ ಉಣ್ಣಿ ಔಷಧ ಹಚ್ಚು ಅಂದವರು ನಾಕು. ಔಷಧಿ ಅಂಗಡ್ಯಾಗ ಮನುಷ್ಯರಿಗೆ ಕೊಡೋ ಗಜಕರ್ಣದ ಟ್ಯೂಬಿನ ಫೋಟೊ ಹಾಕಿದವರು ಮೂವರು. ಬೇವಿನ ಎಣ್ಣೆ, ಗಂಧಕ, ಅರಿಷಿಣ, ಫಿನಾಯಿಲ್, ಸೀಮೆಎಣ್ಣೆ ಅಂತ ಉಳಿದವರು. ಒಬ್ಬ ಪುಣ್ಯಾತ್ಮ ಬ್ಯಾಟರಿ ನೀರು ಅಂತ ಬರೆದು ಆಮೇಲೆ ಅಳಿಸಿದ.

ಹತ್ತೊಂಬತ್ತು ಮಂದ್ಯಾಗ ಒಬ್ಬರೂ "ಇದರ ತಾಯಿ ಯಾವುದು, ತಂದಿ ಯಾವುದು?" ಅಂತ ಕೇಳಲಿಲ್ಲ.

ನಾನೂ ಕೇಳಲಿಲ್ಲ, ಯಾಕಂದ್ರ ನನಗೆ ಗೊತ್ತಿತ್ತು. ಆ ಮರಿ ಎದಿ ಮೇಲೆ ಉದ್ದಕ್ಕ ಒಂದು ಬಿಳಿ ಪಟ್ಟಿ ಐತಿ, ತುದ್ಯಾಗ ಎಡಕ್ಕ ಸೊಟ್ಟ. ಅದು ನಮ್ಮ ಗೌರಿ ಪಟ್ಟಿ. ಅದರ ತಂದಿ ನಮ್ಮ ಗೌರಿ ಹೊಟ್ಟ್ಯಾಗ ಹುಟ್ಟಿದ್ದು, ನಾನೇ ಮಾರಿದ್ದು.

ಹಂಗಾಗಿ ಈ ಬರಹದಾಗ ಬೈಗಳು ಇದಾವು, ಮೊದಲನೇದು ನನಗೇ.

ಗೌರಿಯನ್ನ ನೋಡಿದವರು ಇಲ್ಲಿ ಬಾಳ ಮಂದಿ ಇದ್ದೀರಿ. ರಾತ್ರಿ ಕಬ್ಬಿನ ಹೊಲಕ್ಕ ಹಂದಿ ಬಂದ್ರ ಅರ್ಧ ಕಿಲೊಮೀಟರ್ ದೂರದಾಗ ಗೊತ್ತು ಹಿಡಿಯೋ ನಾಯಿ. ಅದಕ್ಕೂ ಐದು ತಿಂಗಳಿದ್ದಾಗ ಇದೇ ಚಾಳೀಸು ಬಂದಿತ್ತು. ಎಂಟು ತಿಂಗಳಿಗೆ ಮೈತುಂಬ ಹಬ್ಬಿ, ಚರ್ಮ ಆನೆ ಚರ್ಮದಂಗ ದಪ್ಪಾಗಿ, ಬೆರಳ ಸಂದ್ಯಾಗ ಕೀವು ತುಂಬಿ ನಡಿಯಾಕ ಆಗದಂಗ ಆಗಿತ್ತು. ದನದ ದವಾಖಾನಿಗೆ ಒಯ್ದೆ. ಡಾಕ್ಟರ್ ಚರ್ಮ ಚಿವುಟಿ ಹಿಡಿದು, ಬ್ಲೇಡಿಗೆ ಎಣ್ಣಿ ಸವರಿ, ಸ್ವಲ್ಪ ರಕ್ತ ಒಸರೋವರೆಗೂ ಕೆರೆದು, ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಾಗ ತೋರಿಸಿದ್ರು. ಸಣ್ಣ ಗಜ್ಜರಿಗೆ ಮೇಲಿನ ತುದಿಗೆ ಎಂಟು ಮೊಂಡ ಕಾಲು ಹಚ್ಚಿದಂಗ ಹುಳ. ಒಂದಲ್ಲ, ಕಣದಾಗಿನ ಕಾಳಿನಂಗ ಬಿದ್ದಿದ್ದವು. ಡೆಮೊಡೆಕ್ಸ್ ಅಂದ್ರು. ನಾಕು ತಿಂಗಳ ಔಷಧ ಆತು. ಕೂದಲು ಬಂತು, ಮೈ ಹೊಳೀತು, ಓಡಾಡ್ತು. ಕೊನೇ ಸಲ ಹೋದಾಗ ಡಾಕ್ಟರ್ ಬಾಗಿಲ ತನಕ ಬಂದು ಹೇಳಿದ್ರು: "ನಾಯಿ ಗುಣ ಆಗೇತಿ, ಆದ್ರ ಇದಕ್ಕ ಮರಿ ಮಾಡಿಸಬ್ಯಾಡ್ರಿ. ಇದು ರಕ್ತದಾಗ ಹೋಗೂದು."

ಹೂಂ ಅಂದು ಬಂದೆ. ಮುಂದಿನ ಬೆದಿಗೇ ಕ್ರಾಸ್ ಮಾಡಿಸಿದೆ. ಎರಡು ಸೂಲು, ಹದಿಮೂರು ಮರಿ. ಒಂಬತ್ತು ಮಾರಿದೆ, ನಾಕು ಬೀಗರಿಗೆ ನೆರೆಯವರಿಗೆ ಕೊಟ್ಟೆ. ಮಾರುವಾಗ ಒಬ್ಬರ ಹತ್ತಿರನೂ ತಾಯಿಗೆ ಹಿಂಗಾಗಿತ್ತು ಅಂತ ಬಾಯಿ ಬಿಡಲಿಲ್ಲ. ಹೊಳಿಯೋ ಗೌರಿಯನ್ನ ಪಕ್ಕದಾಗ ನಿಲ್ಲಿಸಿ ಫೋಟೊ ಹೊಡೆದು ಕಳಿಸ್ತಿದ್ದೆ. ಆ ಹದಿಮೂರರಾಗ ನನಗೆ ಗೊತ್ತಿರೋ ಐದಕ್ಕ ಮೈತುಂಬ ಬಂತು. ಗೊತ್ತಿಲ್ಲದ್ದು ಇನ್ನೆಷ್ಟೋ.

ಈಗ ವಿಷಯಕ್ಕ ಬರ್ತೀನಿ. ಇದನ್ನ ಸರಿಯಾಗಿ ತಿಳ್ಕೊಳ್ಳದೇ ಇರೋದ್ರಿಂದನೇ ನಾವು ಸಿಕ್ಕಿದ್ದೆಲ್ಲಾ ಸವರ್ತೀವಿ.

ಡೆಮೊಡೆಕ್ಸ್ ಹುಳ ಹೊರಗಿಂದ ಬಂದು ಹತ್ತೋದಲ್ಲ. ಮರಿ ಹುಟ್ಟಿದ ಮೊದಲ ಎರಡು ಮೂರು ದಿನದಾಗ, ಮೊಲೆ ಕುಡಿಯುವಾಗ, ತಾಯಿ ಮೈಯಿಂದ ಮರಿ ಮೈಗೆ ದಾಟ್ತದೆ. ಆರೋಗ್ಯವಾಗಿರೋ ನಾಯಿ ಮೈಯಾಗೂ ಇರ್ತದೆ, ಕೂದಲಿನ ಬುಡದ ಗೂಡಿನಾಗ ಸುಮ್ಮನೆ ಬದುಕ್ತಿರ್ತದೆ. ನಾಯಿಯ ದೇಹದ ಕಾವಲು ಗಟ್ಟಿ ಇದ್ದರೆ ಹುಳ ಹೆಚ್ಚಾಗೋದಿಲ್ಲ. ಕೆಲವು ನಾಯಿಗೆ ಆ ಕಾವಲು ಹುಟ್ಟಿನಿಂದನೇ ಸಡಿಲು. ಹುಳ ಎಲ್ಲಾ ತಾಯಂದಿರಿಂದ ಎಲ್ಲಾ ಮರಿಗೂ ಬರ್ತದೆ. ವಂಶದಾಗ ಹರಿದು ಬರೋದು ಹುಳ ಅಲ್ಲ, ಈ ಸಡಿಲು. ಒಂದೇ ಸೂಲಿನ ಮರಿಗಳಾಗ ಇದು ಗುಂಪಾಗಿ ಕಾಣಿಸ್ತದೆ. ಅದಕ್ಕೇ ಒಂದೂವರೆ ವರ್ಷದ ಒಳಗೆ ಮೈತುಂಬ ಈ ರೋಗ ಬಂದ ನಾಯಿಯನ್ನ, ಅದು ಎಷ್ಟೇ ಚೆಂದಾಗಿ ಗುಣವಾಗಿದ್ದರೂ, ಸಂತಾನಕ್ಕೆ ಬಳಸಬಾರದು ಅಂತ ಚರ್ಮದ ವೈದ್ಯರು ಹೇಳೋದು. ನಮ್ಮ ದನದ ಡಾಕ್ಟರ್ ಬಾಗಿಲಾಗ ನಿಂತು ಹೇಳಿದ್ದೂ ಅದನ್ನೇ.

ಇನ್ನೊಂದು ಕಜ್ಜಿ ಐತಿ, ಅದನ್ನೂ ಇದನ್ನೂ ಕಲಸಬ್ಯಾಡ್ರಿ. ಅದು ಸಾರ್ಕಾಪ್ಟಿಸ್. ಕಿವಿ ಅಂಚು, ಮೊಣಕೈ, ಹೊಟ್ಟೆ ಕೆಳಗೆ ಬರ್ತದೆ, ನಾಯಿ ರಾತ್ರಿಯೆಲ್ಲಾ ಕೆರ್ಕೊಂಡು ಸಾಯ್ತದೆ, ಒಂದರಿಂದ ಇನ್ನೊಂದು ನಾಯಿಗೆ ಹತ್ತತದೆ, ಅದನ್ನ ಎತ್ತಾಡಿಸೋ ಹುಡುಗರ ಕೈ ಹೊಟ್ಟೆಗೂ ಕೆಂಪು ಗುಳ್ಳೆ ಎಬ್ಬಿಸ್ತದೆ. ಅದು ವಂಶದ್ದಲ್ಲ. ಡೆಮೊಡೆಕ್ಸ್ ಮನುಷ್ಯರಿಗೆ ಬರೋದಿಲ್ಲ, ಮೊದಮೊದಲು ತುರಿಕೇನೂ ಅಷ್ಟಿರೋದಿಲ್ಲ. ಎರಡರ ಔಷಧದ ಲೆಕ್ಕ ಬೇರೆ, ದಿನ ಬೇರೆ. ಚರ್ಮ ಕೆರೆದು ನೋಡದೇ ಫೋಟೊ ನೋಡಿ ಮುಲಾಮು ಹೇಳೋದು ಅಂದ್ರ ಮಣ್ಣು ನೋಡದೇ ಬೋರ್‌ವೆಲ್ ಪಾಯಿಂಟ್ ತೋರಿಸಿದಂಗ. (ಅದನ್ನೂ ಮಾಡೋರು ಇದಾರ, ಇರಲಿ.)

ಹಂಗಾದ್ರ ಕರಿ ಆಯಿಲ್ ಹಚ್ಚಿದ ಐದು ಮಂದಿಗೂ ಗುಣ ಆಗೇತಲ್ಲ, ಅವರೇನು ಸುಳ್ಳು ಹೇಳ್ತಾರಾ? ಇಲ್ರಿ, ಸುಳ್ಳು ಹೇಳೋದಿಲ್ಲ. ಇಲ್ಲೇ ಇರೋದು ಮೋಸ. ಸಣ್ಣ ಮರಿಗೆ ಮೂರು ತಿಂಗಳಿಂದ ಆರು ತಿಂಗಳೊಳಗೆ ಮುಖದ ಮೇಲೆ, ಕಾಲ ಮೇಲೆ ಒಂದೆರಡು ಬೋಳು ಕಲೆ ಬಂದ್ರ, ಹತ್ತರಾಗ ಸುಮಾರು ಒಂಬತ್ತು ಮರಿಗೆ ಅದು ತಾನಾಗೇ ಹೋಗ್ತದೆ. ಆರು ವಾರ, ಎಂಟು ವಾರ, ಅಷ್ಟೇ. ನೀವು ಆಯಿಲ್ ಹಚ್ಚಿದ್ರೂ ಹೋಗ್ತದೆ, ಅರಿಷಿಣ ಹಚ್ಚಿದ್ರೂ ಹೋಗ್ತದೆ, ತೆಂಗಿನಕಾಯಿ ಒಡೆದ್ರೂ ಹೋಗ್ತದೆ, ಏನೂ ಮಾಡದೇ ಕಟ್ಟಿ ಮೇಲೆ ಕೂತ್ರೂ ಹೋಗ್ತದೆ. ಮರಿ ಬೆಳೀತಾ ಅದರ ಕಾವಲು ಗಟ್ಟಿಯಾಗಿ ಹುಳವನ್ನ ಅದೇ ಅದುಮ್ತದೆ. ಹೆಸರು ಮಾತ್ರ ಡಬ್ಬಿಯಾಗಿನ ಆಯಿಲ್‌ಗೆ. ನಮ್ಮ ಊರಿನಾಗ ಒಬ್ಬೊಬ್ಬರೂ ಒಂದೊಂದು ಔಷಧದ ಮೇಲೆ ಆಣೆ ಮಾಡ್ತಾರಲ್ಲ, ಅವರೆಲ್ಲರ ಹಿಂದೆ ಇರೋದು ಈ ಒಂಬತ್ತು ಮರಿ. ಹತ್ತನೇ ಮರಿ ಬಗ್ಗೆ ಯಾರೂ ಆಣೆ ಮಾಡೋದಿಲ್ಲ. ಅದು ಸಂತೆ ದಾರ್ಯಾಗ ಬೋಳಾಗಿ, ಕಪ್ಪಾಗಿ, ನೊಣ ಮುತ್ತಿಸಿಕೊಂಡು ಬಿದ್ದಿರ್ತದೆ.

ಕರಿ ಆಯಿಲ್ ಏನು ಮಾಡ್ತದೆ ಅಂದ್ರ, ಚರ್ಮ ಸುಡ್ತದೆ. ಇಂಜಿನ್ನಿನೊಳಗೆ ಸವೆದ ಲೋಹ, ಸುಟ್ಟ ಎಣ್ಣೆ ಎಲ್ಲಾ ಅದರಾಗ ಐತಿ. ಬಿರುಕು ಬಿಟ್ಟ ಚರ್ಮದಿಂದ ಒಳಗೆ ಇಳೀತದೆ, ನಾಯಿ ನೆಕ್ಕಿದಾಗ ಹೊಟ್ಟೆಗೂ ಹೋಗ್ತದೆ. ಮೇಲ್ಚರ್ಮದಾಗಿರೋ ಹುಳ ಉಸಿರುಗಟ್ಟಿ ಒಂದಿಷ್ಟು ಸತ್ತಾವು ಅಂತ ಇಟ್ಕೊಳ್ರಿ, ಡೆಮೊಡೆಕ್ಸ್ ಇರೋದು ಕೂದಲಿನ ಬುಡದ ಆಳದಾಗ. ಮೇಲೆ ಸವರಿದ ಆಯಿಲ್ ಅಲ್ಲಿ ತನಕ ಹೋಗಿ ಏನು ಮಾಡೀತು?

ಗಜಕರ್ಣದ ಟ್ಯೂಬು ಇದಕ್ಕಿಂತ ಕೆಟ್ಟದ್ದು, ಯಾಕಂದ್ರ ಅದು ಔಷಧದಂಗ ಕಾಣ್ತದೆ. ಅಂಗಡ್ಯಾಗ ಕೊಡೋ ಆ ಮೂರು ಔಷಧ ಕೂಡಿಸಿದ ಟ್ಯೂಬುಗಳಾಗ ಒಂದು ಸ್ಟೀರಾಯ್ಡ್ ಇರ್ತದೆ. ಹಚ್ಚಿದ ಎರಡು ದಿನಕ್ಕ ಕೆಂಪು ಇಳೀತದೆ, ಬಾವು ಇಳೀತದೆ, ಮನಿಯವರು ಖುಷಿ ಆಗ್ತಾರ. ಆದ್ರ ಸ್ಟೀರಾಯ್ಡ್ ಮಾಡೋ ಕೆಲಸನೇ ದೇಹದ ಕಾವಲನ್ನ ಮಲಗಿಸೋದು. ಮೊದಲೇ ಕಾವಲು ಸಡಿಲು ಇರೋ ಮರಿಗೆ ಇದ್ದ ಕಾವಲುಗಾರನಿಗೂ ನಿದ್ದಿ ಮಾತ್ರೆ ಕೊಟ್ಟಂಗ. ಹದಿನೈದು ದಿನ ಬಿಟ್ಟು ನೋಡ್ರಿ, ನಾಕು ಕಲೆ ಇದ್ದದ್ದು ನಲವತ್ತು ಆಗಿರ್ತಾವು. ಒಂದಿಬ್ಬರು ಸ್ಟೀರಾಯ್ಡ್ ಇಂಜೆಕ್ಷನ್ನೇ ಹಾಕಿಸ್ಯಾರ, "ಒಂದೇ ದಿನಕ್ಕ ತುರಿಕಿ ನಿಂತಿತು ನೋಡ್ರಿ" ಅಂತ ಹೇಳ್ಕೋತ.

ಇನ್ನು ದನದ ಉಣ್ಣಿ ಔಷಧ. ಇದನ್ನ ಬರೆಯೋದು ನನಗೆ ಸುಲಭ ಇಲ್ಲ.

ಎರಡನೇ ಸೂಲಿನ ಒಂದು ಹೆಣ್ಣು ಮರಿಯನ್ನ ನಮ್ಮ ಹೊಲದ ಪಕ್ಕದ ಕಾಕಾಗೆ ಕೊಟ್ಟಿದ್ದೆ. ರೊಕ್ಕ ತಗೊಂಡಿರಲಿಲ್ಲ. ಚಿಗವ್ವ ಅದಕ್ಕ ಮೂರು ಹೊತ್ತು ರೊಟ್ಟಿ ಹಾಲು ಹಾಕಿ ಮಗಳಂಗ ಸಾಕಿದ್ದಳು. ನಾಕು ತಿಂಗಳು ತುಂಬೋದ್ರಾಗ ಮೈಮೇಲೆ ಬಂತು. ಕಾಕಾ ನನ್ನ ಕೇಳಿದ: "ಏನೋ ಇದು? ನಿಮ್ಮ ಗೌರಿಗೇನರ ಆಗಿತ್ತೇನೋ?" ನಾನು "ಇಲ್ಲ ಕಾಕಾ, ಉಣ್ಣಿ ಕಡಿದಿರಬೇಕು" ಅಂದೆ. ಇದೇ ಮಾತು, ಇದೇ ಬಾಯಾಗ ಅಂದೆ. ಕಾಕಾ ಉಣ್ಣಿ ಅಂದ ಮೇಲೆ ಉಣ್ಣಿ ಔಷಧ ತಂದ. ಅಮಿಟ್ರಾಜ್, 12.5 ಪರ್ಸೆಂಟ್ ಬಾಟಲಿ, ಎಮ್ಮೆಗೆ ನೀರಿನಾಗ ಕಲಸಿ ಹೊಡಿಯೋದು. ಅದನ್ನ ನೀರು ಬೆರೆಸದೇ ಅರಿವೆಗೆ ಸುರುವಿ ಮೈತುಂಬ ಒರೆಸಿದ. ಗಾಯಕ್ಕೆ ನೀರು ತಾಕಿದ್ರ ಕೀವು ಆಗ್ತದೆ ಅಂತ ಅವನ ಲೆಕ್ಕ.

ಸಂಜೀಗೆ ಮರಿ ತೂಗಾಡ್ತು, ಬಾಯಿಂದ ಜೊಲ್ಲು, ಮೈ ತಣ್ಣಗಾತು. ಚಿಗವ್ವ ಕಂಬಳ್ಯಾಗ ಸುತ್ತಿ ಒಲಿ ಮುಂದೆ ಇಟ್ಕೊಂಡು ಕೂತಿದ್ದಳು. ನಾನು ಹೋಗೋದ್ರಾಗ ಎದಿ ಬಡಿತ ಕೈಗೆ ಸಿಗದಷ್ಟು ನಿಧಾನ ಆಗಿತ್ತು. ನಸುಕಿನ್ಯಾಗ ಹೋತು.

ಲೆಕ್ಕ ನೋಡ್ರಿ. ನಾಯಿಯ ಡೆಮೊಡೆಕ್ಸ್‌ಗೆ ಇದೇ ಅಮಿಟ್ರಾಜ್ ನಿಜವಾಗಲೂ ಔಷಧ. ಆದ್ರ ಡಾಕ್ಟರ್ ಗೌರಿಗೆ ಕೊಟ್ಟ ಪ್ರಮಾಣ ಲೀಟರ್ ನೀರಿಗೆ 2 ಎಂಎಲ್, ಅಂದ್ರ 0.025 ಪರ್ಸೆಂಟ್. ಕಾಕಾ ಒರೆಸಿದ್ದು 12.5 ಪರ್ಸೆಂಟ್. ಐನೂರು ಪಟ್ಟು. ಹೊಲದ ಪಂಪಿಗೆ 30 ಎಂಎಲ್ ಹಾಕೋದ್ರಾಗ 35 ಬಿದ್ರ ಆಳಿಗೆ ಬೈಯೋ ಮನುಷ್ಯ ಅವನು, ದಡ್ಡ ಅಲ್ಲ. ನಾನು ಗೌರಿಗಾಗಿ ತಿಂಗಳುಗಟ್ಟಲೆ ಕಲಿತಿದ್ದ ಲೆಕ್ಕವನ್ನ ಅವನಿಗೆ ಒಂದು ಮಾತು ಹೇಳಿದ್ರ ಆ ಮರಿ ಇರ್ತಿತ್ತು. ಹೇಳಿದ್ರ ಗೌರಿ ಗುಟ್ಟು ಹೊರಬೀಳ್ತಿತ್ತು, ಉಳಿದ ಮರಿ ರೇಟು ಬೀಳ್ತಿತ್ತು. ಅದಕ್ಕ ಹೇಳಲಿಲ್ಲ. ಕಾಕಾಗೆ ಹೋದ ತಿಂಗಳು ಎಲ್ಲಾ ಹೇಳೀನಿ. ಏನೂ ಅನ್ನಲಿಲ್ಲ, ಎದ್ದು ಮೋಟಾರ್ ಚಾಲೂ ಮಾಡಾಕ ಹೋದ. ಚಿಗವ್ವ ಇನ್ನೂ ಮಾತಾಡಿಸಿಲ್ಲ.

"ಹಂಗಾರ ಹಚ್ಚೋ ಔಷಧನೇ ಬ್ಯಾಡ ಅಂತೀಯೇನು?" ಅಂತ ಕೇಳ್ತೀರಿ. ಬ್ಯಾಡ ಅನ್ನೋದಿಲ್ಲ. ಗೌರಿ ಗುಣವಾಗಿದ್ದು ಹಚ್ಚೋ ಔಷಧದಿಂದನೇ. ಆದ್ರ ಹಚ್ಚೋದು ಹೆಂಗ ಅಂತ ಒಂದ್ಸಲ ಕೇಳ್ರಿ, ಆಮೇಲೆ ನೀವೇ ಹೇಳ್ರಿ ಇದು ಟ್ಯೂಬಿನ ಕೆಲಸ ಹೌದೋ ಅಲ್ಲೋ ಅಂತ.

ಮೊದಲು ಡಾಕ್ಟರ್ ಕೆರೆದು ನೋಡಿ ಹೌದು ಅನ್ನಬೇಕು. ಮೈಮೇಲಿನ ಕೂದಲೆಲ್ಲಾ ಕತ್ತರಿಸಬೇಕು. ಮುಧೋಳ ನಾಯಿಗೆ ಕೂದಲು ಗಿಡ್ಡ, ಅಷ್ಟರಮಟ್ಟಿಗೆ ನಮ್ಮ ಪುಣ್ಯ. ಹೊಪ್ಪಳಿಕೆ ನೆನೆಸಿ ತೆಗೀಬೇಕು. ಬೆಂಝಾಯ್ಲ್ ಪೆರಾಕ್ಸೈಡ್ ಇರೋ ನಾಯಿ ಶಾಂಪೂ ಹಚ್ಚಿ ಹತ್ತು ನಿಮಿಷ ಹಂಗೇ ಬಿಡಬೇಕು. ಅದು ಕೂದಲಿನ ಬುಡದ ಜಿಡ್ಡು ತೆಗೆದು ಗೂಡಿನ ಬಾಯಿ ತೆರೆಸ್ತದೆ, ಆಮೇಲೆ ಹಚ್ಚಿದ್ದು ಒಳಗೆ ಇಳೀತದೆ. ತೊಳೆದು ಮೈ ಒರೆಸಿ, ಡಾಕ್ಟರ್ ಹೇಳಿದ ಅಳತ್ಯಾಗ ಅಮಿಟ್ರಾಜ್ ಹೊಸದಾಗಿ ಕಲಸಿ, ಅಂಗಾತ ಮಲಗಿಸಿ ಹೊಟ್ಟಿ, ಬೆರಳ ಸಂದಿ ಬಿಡದಂಗ ಮೈತುಂಬ ನೆನೆಸಬೇಕು. ಬರೇ ಕಲೆ ಮೇಲೆ ಸವರೋದಲ್ಲ, ಕಲೆ ಇಲ್ಲದ ಜಾಗದಾಗೂ ಹುಳ ಇರ್ತದೆ. ತೊಳೀಬಾರದು, ಒರೆಸಬಾರದು, ಗಾಳ್ಯಾಗ ಒಣಗಬೇಕು. ಮುಂದಿನ ಸಲದ ತನಕ ಮೈ ತೋಯಬಾರದು. ನಮ್ಮ ನಾಯಿಗಳು ಬಿಸಿಲಾತು ಅಂದ್ರ ಕಾಲುವ್ಯಾಗ ಹೋಗಿ ಕೂಡ್ತಾವು, ಹಚ್ಚಿದ ಔಷಧ ಎಲ್ಲಾ ಘಟಪ್ರಭಾಕ್ಕ ಅರ್ಪಣೆ. ಗೌರಿಯನ್ನ ನಾಕು ತಿಂಗಳು ಕಟ್ಟಿ ಹಾಕಿದ್ದೆ, ಬೇಸರಕ್ಕ ಎರಡು ಚಪ್ಲಿ ಒಂದು ಹಗ್ಗ ತಿಂದು ಹಾಕಿತು.

ಹಚ್ಚೋರಿಗೂ ಎಚ್ಚರ ಬೇಕು. ಕೈಗೆ ಗ್ಲೌಸ್ ಇರಲಿ, ಗಾಳಿ ಆಡೋ ಜಾಗ ಇರಲಿ. ಮನ್ಯಾಗ ಶುಗರ್ ಇದ್ದವರು ಈ ಕೆಲಸಕ್ಕೆ ಕೈ ಹಾಕಬ್ಯಾಡ್ರಿ, ಅಮಿಟ್ರಾಜ್ ರಕ್ತದ ಸಕ್ಕರೆ ಏರಿಸ್ತದೆ. ನಾಕು ತಿಂಗಳ ಒಳಗಿನ ಮರಿಗೆ ಬ್ಯಾಡ. ಹಚ್ಚಿದ ಮೇಲೆ ನಾಯಿ ಸ್ವಲ್ಪ ಮಂಕಾಗೋದು ಉಂಟು. ತೂಗಾಡಿ ಬಿದ್ರ, ಮೈ ತಣ್ಣಗಾದ್ರ, ಕೂಡಲೇ ಸೋಪಿನ ನೀರಿನಾಗ ತೊಳೆದು ದವಾಖಾನಿಗೆ ಓಡ್ರಿ. ಇದನ್ನ ಇಳಿಸೋ ಇಂಜೆಕ್ಷನ್ ಐತಿ, ಹೊತ್ತು ಮೀರೋದ್ರೊಳಗೆ ಹೋಗಬೇಕು.

ಹಿಂಗ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ, ಡಾಕ್ಟರ್ ಹೇಳಿದಂಗ, ತಿಂಗಳುಗಟ್ಟಲೆ. ಕೂದಲು ಬಂತು ಅಂತ ನಿಲ್ಲಿಸೋದಲ್ಲ, ನಮ್ಮ ಮಂದಿ ಎಡವೋದು ಇಲ್ಲೇ. ಕೂದಲು ಮೊದಲು ಬರ್ತದೆ, ಹುಳ ಆಮೇಲೆ ಹೋಗ್ತದೆ. ತಿಂಗಳ ಅಂತರದಾಗ ಎರಡು ಸಲ ಕೆರೆದು ನೋಡಿ, ಎರಡೂ ಸಲ ಒಂದೂ ಹುಳ ಇಲ್ಲ ಅಂದ ಮೇಲೆ ನಿಲ್ಲಿಸಬೇಕು. ಈಗ ಫ್ಲುರಲಾನರ್ ಅಂಥ ಮಾತ್ರೆಗಳು ಬಂದಾವು, ಒಂದು ಮಾತ್ರೆ ಸುಮಾರು ಮೂರು ತಿಂಗಳು ಕೆಲಸ ಮಾಡ್ತದೆ, ಕಟ್ಟಿ ಹಾಕೋ ಕಷ್ಟ ಇಲ್ಲ. ತುಟ್ಟಿ. ಫಿಟ್ಸ್ ಬರೋ ನಾಯಿ ಇದ್ರ ಮೊದಲೇ ಡಾಕ್ಟರಿಗೆ ಹೇಳಬೇಕು. ಐವರ್ಮೆಕ್ಟಿನ್ ಒಂದು ಇಂಜೆಕ್ಷನ್ ಹಾಕಿಸಿ ಆತು ಅಂತ ಬರೋರೂ ಇದಾರ. ಒಂದು ಇಂಜೆಕ್ಷನ್ನಿಗೆ ಡೆಮೊಡೆಕ್ಸ್ ಹೋಗೋದಿಲ್ಲ. ಅದೂ ಅಲ್ಲದೇ ಕಾಲಿ ಜಾತಿಯ ನಾಯಿಗಳಾಗ, ಅದರ ಮಿಶ್ರತಳಿಗಳಾಗ ಐವರ್ಮೆಕ್ಟಿನ್ ಹೆಚ್ಚಾದ್ರ ಮಿದುಳಿಗೆ ಏರಿ ಕೊಲ್ಲೋ ಇನ್ನೊಂದು ವಂಶದ ದೋಷ ಇರ್ತದೆ. ಪಟ್ಟಣದಿಂದ ಉದ್ದ ಕೂದಲಿನ ನಾಯಿ ತಂದು ತೋಟದಾಗ ಕಟ್ಟಿರೋರು ಇದನ್ನ ಎರಡು ಸಲ ಓದ್ರಿ.

ಬೇವು, ಅರಿಷಿಣ, ಕೊಬ್ಬರಿ ಎಣ್ಣಿ ಬಗ್ಗೆ ನನಗೆ ಜಗಳ ಇಲ್ಲ. ಒಣಗಿದ ಚರ್ಮಕ್ಕ ಕೊಬ್ಬರಿ ಎಣ್ಣಿ ಹಿತ. ಅದನ್ನ ಔಷಧ ಅನ್ನಬ್ಯಾಡ್ರಿ, ಅಷ್ಟೇ. ಜಂತು ಔಷಧ ಹಾಕ್ರಿ, ಹೊಟ್ಟಿತುಂಬ ಹಾಕ್ರಿ. ಜಂತು ತುಂಬಿದ, ಬರೇ ತಂಗಳ ರೊಟ್ಟಿ ತಿಂದ ಮರಿಯ ಕಾವಲು ಇನ್ನಷ್ಟು ಕುಸೀತದೆ.

ಇಷ್ಟೆಲ್ಲಾ ಮಾಡಿದ ಮೇಲೂ ಗುಣವಾಗಿದ್ದು ಏನು? ಚರ್ಮ. ರಕ್ತ ಅಲ್ಲ. ನಾನು ಹಚ್ಚಿದ ಔಷಧ ಗೌರಿ ಮೈಮೇಲಿನ ಹುಳ ಕೊಂದಿತು, ಗೌರಿ ಹೊಟ್ಟ್ಯಾಗಿನ ಮರಿಗೆ ಹೋಗೋದನ್ನ ಮುಟ್ಟಲೂ ಇಲ್ಲ. ಯಾವ ಮುಲಾಮಿಗೂ ಅಲ್ಲಿಗೆ ದಾರಿ ಇಲ್ಲ. ನನ್ನ ಔಷಧ ಅಂದ್ರ ಒಂದು ಲೆಕ್ಕದಾಗ ಬಣ್ಣ ಬಳಿದು ಎತ್ತು ಮಾರಿದಂಗ ಆತು.

ಎತ್ತು ಅಂದ ಕೂಡಲೇ ನೆನಪಾತು. ಜಾತ್ರ್ಯಾಗ ಖಿಲಾರಿ ಹೋರಿ ಕೊಳ್ಳಾಕ ಹೋದ್ರ ನಾವು ಏನೇನು ನೋಡ್ತೀವ್ರಿ! ಹಲ್ಲು, ಗೊರಸು, ಸುಳಿ. ಹಣೆ ಸುಳಿ ಒಂದು ಬೆರಳು ಆಚೀಚೆ ಇದ್ರ ಮನೆತನ ಹಾಳಾಗ್ತದೆ ಅಂತ ಎದ್ದು ಬರ್ತೀವಿ. ಯಾರ ಹೋರಿಗೆ ಹುಟ್ಟಿದ್ದು, ತಾಯಿ ಎಷ್ಟು ಹಾಲು ಕೊಡ್ತಿತ್ತು ಎಲ್ಲಾ ಕೇಳ್ತೀವಿ. ಕಾಡಿಗೆ ಬಿದ್ದ ಹೊಲದ ಕಬ್ಬನ್ನ ಬೀಜಕ್ಕ ಕಡೀತೀವಾ? ಪುಕ್ಕಟೆ ಕೊಟ್ರೂ ಒಲ್ಲೆ ಅಂತೀವಿ. (ಅದು ಶಿಲೀಂಧ್ರ, ಇದು ವಂಶದ್ದು, ಎರಡೂ ಒಂದಲ್ಲ ಅಂತ ನನಗೂ ಗೊತ್ತು. ಬೀಜ ಆರಿಸೋ ಬುದ್ಧಿ ಬಗ್ಗೆ ಹೇಳ್ತಿದ್ದೀನಿ.) ನಾಯಿ ಮರಿ ತರುವಾಗ ಮಾತ್ರ ಕಿವಿ ಉದ್ದ, ಸೊಂಟ ಸಣ್ಣ, ರೇಟು ಎಷ್ಟು, ಇಷ್ಟೇ.

ಬಣ್ಣದ ಹುಚ್ಚು ಬೇರೆ ಶುರುವಾಗೇತಿ. ಮೊನ್ನೆ ಒಬ್ಬರು ಬೂದಿ ನೀಲಿ ಬಣ್ಣದ ಡೊಬರ್‌ಮನ್ ಮರಿ ತಂದು "ಅಪರೂಪದ್ದು, ಹೆಚ್ಚಿನ ರೇಟು" ಅಂತ ತೋರಿಸಿದ್ರು. ಕಪ್ಪು ಬಣ್ಣ ತೆಳುವಾಗಿ ಬೂದಿಯಾಗೋದು ಒಂದು ಜೀನಿನಿಂದ. ತಂದಿಯಿಂದ ಒಂದು, ತಾಯಿಯಿಂದ ಒಂದು ಬಂದ್ರ ಹಂಗ ಆಗ್ತದೆ. ಅಂಥ ನಾಯಿಗಳಾಗ ಬಾಳಷ್ಟಕ್ಕ ಆರು ತಿಂಗಳಿಂದ ಮೂರು ವರ್ಷದೊಳಗೆ ಬೆನ್ನ ಮೇಲಿನ ಕೂದಲು ಉದುರಾಕ ಹತ್ತತದೆ, ಚರ್ಮ ಒಣಗಿ ಹೊಟ್ಟು ಏಳ್ತದೆ, ಗುಳ್ಳಿ ಆಗ್ತಾವು. ಅದಕ್ಕ ಹುಳ ಇಲ್ಲ, ಕೊಲ್ಲಾಕ ಏನೂ ಇಲ್ಲ, ಗುಣ ಮಾಡೋ ಔಷಧನೂ ಇಲ್ಲ. ಮೆತ್ತನ ಶಾಂಪೂ, ಚರ್ಮ ತೇವ ಇಡೋ ಲೋಷನ್, ಬಿಸಿಲಿನಿಂದ ನೆರಳು, ಜೀವನಪೂರ್ತಿ. ಹೆಚ್ಚಿನ ರೇಟು ಕೊಟ್ಟು ತಂದದ್ದು ಆ ಜೀವನಪೂರ್ತಿ ಶಾಂಪೂ ಖರ್ಚನ್ನ.

ಗುರುವಾರ ಗಂಡು ನಾಯಿ ಇಟ್ಟವರ ಮನಿಗೆ ಹೋಗಿದ್ದೆ, ಗೌರಿ ಮಗನನ್ನ ಇಟ್ಟವರು. ಹೆಸರು ಬರೆಯೋದಿಲ್ಲ, ಓದ್ತಿದ್ದಾರ. ಅದಕ್ಕೂ ಸಣ್ಣಾಗಿದ್ದಾಗ ಮೈತುಂಬ ಆಗಿತ್ತು, ಔಷಧ ಮಾಡಿಸಿ ಗುಣ ಮಾಡ್ಯಾರ. ಈಗ ಕ್ರಾಸಿಗೆ ಬಿಡ್ತಾರ, ಒಂದು ಸಲಕ್ಕ ಒಂದು ಮರಿ ಇಲ್ಲಾ ರೊಕ್ಕ. "ಈಗ ಮೈ ನೋಡು ಹೆಂಗ ಕನ್ನಡಿ ಆಗೇತಿ, ಕಣ್ಣಿಗೆ ಕಾಣದ ರೋಗದ ಮಾತು ಆಡ್ತೀಯಲ್ಲ" ಅಂದ್ರು. ಆಮೇಲೆ ಅಂದ್ರು: "ನೀನು ಒಂಬತ್ತು ಮರಿ ಮಾರಿ ರೊಕ್ಕ ಎಣಿಸಿದಿ. ನಮ್ಮ ಪಾಳಿ ಬಂದಾಗ ನಿನಗ ಧರ್ಮ ನೆನಪಾತು." ಇದಕ್ಕ ನನ್ನ ಹತ್ತಿರ ಉತ್ತರ ಇಲ್ರಿ. ಅವರು ಹೇಳಿದ್ದು ಖರೆ. ಖರೆ ಆದ್ರೂ ಸೋಮವಾರದ ಆ ಮರಿ ಅವರ ನಾಯಿದೇ.

ಇನ್ನೊಬ್ಬ ಹಿರಿಯರು ಫೋನ್ ಮಾಡಿ, "ಮುಧೋಳ ನಾಯಿ ಹೆಸರು ಕೆಡಿಸಬ್ಯಾಡ. 2005ರಾಗ ಅಂಚೆ ಚೀಟಿ ಮೇಲೆ ಬಂದ ತಳಿ ಇದು, ಮಿಲಿಟರಿಯವರು ಒಯ್ದಾರ, ನೀನು ಕಜ್ಜಿ ನಾಯಿ ಅಂತ ಬರೆದ್ರ ಯಾರು ಕೊಳ್ತಾರ?" ಅಂದ್ರು. ಅಪ್ಪಾರ, ತಳಿಗೆ ಕಜ್ಜಿ ಐತಿ ಅಂತ ನಾನೆಲ್ಲಿ ಅಂದೆ? ಡೆಮೊಡೆಕ್ಸ್ ಎಲ್ಲಾ ತಳಿಯಾಗೂ ಬರ್ತದೆ, ಬೀದಿ ನಾಯಿಗೂ ಬರ್ತದೆ. ನಾನು ಹೇಳಿದ್ದು ಗೌರಿ ವಂಶ ಅಷ್ಟೇ. ಒಂದು ವಂಶದ ದೋಷ ಮುಚ್ಚಿಟ್ಟು ಹತ್ತು ಊರಿಗೆ ಹಂಚಿದ್ರ ಆಗ ತಳಿದು ಆಗ್ತದೆ. ತಿಮ್ಮಾಪುರದಾಗ ಈ ತಳಿಗಂತಲೇ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಐತಿ, ನಮ್ಮ ಬಾಗಿಲಿಗೇ. ಕೇಳಾಕ ದೂರ ಹೋಗಬೇಕಿಲ್ಲ.

ಮರಿ ರೊಕ್ಕದ ಮೇಲೆ ಹುಡುಗರ ಶಾಲೆ ಫೀ ತುಂಬೋ ಮನಿ ಇದಾವು, ನಮ್ಮದೂ ಒಂದು. ಮರಿ ಮಾಡಿಸಬ್ಯಾಡ್ರಿ ಅಂತ ನಾನು ಹೇಳ್ತಿಲ್ಲ. ಮೈತುಂಬ ಬಂದ ನಾಯಿಯಿಂದ ಬ್ಯಾಡ, ಒಂದೇ ಜೋಡಿಯ ಮರಿಗಳಾಗ ಎರಡು ಮೂರಕ್ಕ ಬಂದಿದ್ರ ಆ ಜೋಡಿ ಮತ್ತೆ ಬ್ಯಾಡ. ಒಂದೆರಡು ಕಲೆ ಬಂದು ತಾನೇ ಹೋಗಿದ್ರ ಡಾಕ್ಟರ್ ಹತ್ತಿರ ಮಾತಾಡ್ರಿ. ರೋಗದ ನಾಯಿಯನ್ನ ಬಿಟ್ಟು ಬರ್ರಿ ಅಂತಲೂ ಅಲ್ಲ. ಗೌರಿಗೆ ಈಗ ಆರು ವರ್ಷ, ರಾತ್ರಿ ಪಾಳಿ ಅದರದ್ದೇ. ಹೋದ ದೀಪಾವಳಿ ಮುಂದೆ ಆಪರೇಷನ್ ಮಾಡಿಸೀನಿ. ಹೆಣ್ಣು ನಾಯಿಗೆ ಬೆದಿ ಬಂದಾಗ, ಮರಿ ಹಾಕಿದಾಗ ಈ ರೋಗ ಮರುಕಳಿಸೋದು ಉಂಟು, ಅದಕ್ಕೂ ಆಪರೇಷನ್ ಒಳ್ಳೇದು.

ಸೋಮವಾರದ ಮರಿ ಇಟ್ಕೊಂಡ ತಮ್ಮನಿಗೆ ಫೋನ್ ಮಾಡೀನಿ. ಟ್ಯೂಬು ಎರಡು ದಿನ ಹಚ್ಚಿದ್ದನಂತ, ನಿಲ್ಲಿಸಿದಾನ. ಬುಧವಾರ ಇಬ್ಬರೂ ಕೂಡಿ ದವಾಖಾನಿಗೆ ಒಯ್ಯೋದು ಅಂತ ಆಗೇತಿ. ನನ್ನಿಂದ ಮರಿ ಒಯ್ದ ಉಳಿದವರು, ಮರಿ ಗುಣವಾಗಿದ್ರೂ ಸರಿ ಸತ್ತಿದ್ರೂ ಸರಿ, ನನಗೆ ಫೋನ್ ಮಾಡ್ರಿ. ಒಂಬತ್ತರಾಗ ಮೂವರ ನಂಬರ್ ನನ್ನ ಹತ್ತಿರ ಇಲ್ಲ. ಒಬ್ಬರು ಲೋಕಾಪುರ ಕಡೆಯವರು, ಬಿಳಿ ಬೊಲೆರೊದಾಗ ಬಂದಿದ್ರು, ಕಿವಿ ತುದಿ ಕಪ್ಪಿರೋ ಗಂಡು ಮರಿ ಒಯ್ದಾರ. ಗೊತ್ತಿದ್ದವರು ಇದನ್ನ ಅವರಿಗೆ ಮುಟ್ಟಿಸ್ರಿ. ಚರ್ಮ ಕೆರೆಸಿ ನೋಡೋ ಖರ್ಚು, ಔಷಧದ ಅರ್ಧ ಖರ್ಚು ನನ್ನದು. ಅಷ್ಟು ರೊಕ್ಕ ಕಬ್ಬಿನ ಬಿಲ್ ಬಂದ ಮೇಲೆ ಕೊಡ್ತೀನಿ, ಈಗ ಕೈಯಾಗ ಇಲ್ಲ.